ಟೋಪಿಯ ಒಳಗಿನ ಹೆಸರು

ನಮ್ಮ ಮನೆಯಲ್ಲಿ ಹನ್ನೊಂದು ಟೋಪಿಗಳಿವೆ. ಒಂದನ್ನೂ ನಾನು ತಲೆಗೆ ಹಾಕಿಕೊಂಡಿಲ್ಲ. ಎಲ್ಲವೂ ಮಿಲಿಟರಿ ಆಫೀಸರುಗಳ ಹಳೇ ಪೀಕ್ ಕ್ಯಾಪುಗಳು. ಎಲ್ಲವನ್ನೂ ನಾನೇ ದುಡ್ಡು ಕೊಟ್ಟು ತಂದಿದ್ದು. "ಜನಕ್ಕೆ ಬೇರೆಯವ್ರು ಟೋಪಿ ಹಾಕ್ತಾರೆ. ನೀನು ಹುಡುಕ್ಕೊಂಡು ಹೋಗಿ ಹಾಕಿಸ್ಕೊಂಡು ಬರ್ತೀಯಲ್ಲೇ" ಅಂತ ಅಮ್ಮ ಪ್ರತಿ ಸಲ ಹೇಳುತ್ತಾಳೆ. ಜೋಕು ಹಳೇದಾಯ್ತಮ್ಮ ಅಂದರೆ, "ಟೋಪಿಗಿಂತ ಹೊಸದು" ಅಂತಾಳೆ.

ಇದೆಲ್ಲ ಶುರುವಾಗಿದ್ದು ಸಂಡೇ ಬಜಾರಿನಲ್ಲಿ. ಬೆಂಗಳೂರಿನವರಿಗೆ ಗೊತ್ತಿರುತ್ತೆ, ಬಿವಿಕೆ ಅಯ್ಯಂಗಾರ್ ರಸ್ತೆಯ ಆಸುಪಾಸಿನಲ್ಲಿ ಭಾನುವಾರ ಬೆಳಿಗ್ಗೆ ಫುಟ್‌ಪಾತಿನ ಮೇಲೆ ಹರಡಿಕೊಳ್ಳುವ ಗುಜರಿ ಲೋಕ. ಒಂಟಿ ಬೂಟು, ಓಡದ ಗಡಿಯಾರ, ಯಾರದೋ ಮದುವೆಯ ಆಲ್ಬಮ್ಮು, ಎಲ್ಲ ಸಿಗುತ್ತೆ. ಆರು ವರ್ಷದ ಹಿಂದೆ ನಾನು ಅಲ್ಲಿ ಹೋಗಿದ್ದು ಟೈಪ್‌ರೈಟರ್ ಹುಡುಕಿಕೊಂಡು. ಆಗಿನ್ನೂ ಡಿಸೈನ್ ಕಂಪನಿಗೆ ಸೇರಿದ ಹೊಸತು, ಮೇಜಿನ ಮೇಲೆ ಹಳೇ ಟೈಪ್‌ರೈಟರ್ ಇದ್ದರೆ ಕ್ರಿಯೇಟಿವ್ ಆಗಿ ಕಾಣ್ತೀನಿ ಅನ್ನೋ ಭ್ರಮೆ. ಟೈಪ್‌ರೈಟರ್ ಸಿಗಲಿಲ್ಲ. "ಮೇಡಂ, ಪೊಲೀಸ್ ಟೋಪಿ, ಒರಿಜಿನಲ್" ಅಂತ ಒಬ್ಬರು ಕೂಗಿದರು. ಚೌಕಾಸಿ ಮಾಡಿ ಇನ್ನೂರಕ್ಕೆ ತಂದೆ. ಮನೆಗೆ ಬಂದು ತಿರುಗಿಸಿ ನೋಡಿದರೆ, ಒಳಗಿನ ಚರ್ಮದ ಪಟ್ಟಿಯ ಮೇಲೆ ಶಾಯಿಯಲ್ಲಿ ಒಂದು ಹೆಸರು. ಪೊಲೀಸ್ ಅಲ್ಲ, ಸೇನೆಯ ಲೆಫ್ಟಿನೆಂಟು. ಆ ರಾತ್ರಿ ನಿದ್ದೆ ಬರಲಿಲ್ಲ. ಯಾರಿವನು? ಇವನ ಟೋಪಿ ಚಿಕ್ಕಪೇಟೆಯ ಫುಟ್‌ಪಾತಿಗೆ ಹೆಂಗೆ ಬಂತು?

ಟೋಪಿ ಓದೋದನ್ನ ಆಮೇಲೆ ನಿಧಾನವಾಗಿ ಕಲಿತೆ. ಹೌದು, ಓದೋದೇ. ಮೊದಲು ಬ್ಯಾಜು ನೋಡಬೇಕು. ನಮ್ಮ ಸೇನೆಯ ಬ್ಯಾಜಿನಲ್ಲೋ ಗುಂಡಿಯಲ್ಲೋ ರಾಜನ ಕಿರೀಟ ಇದ್ದರೆ ಅದು 1950ಕ್ಕೂ ಹಿಂದಿನದು. ಗಣರಾಜ್ಯವಾದ ಮೇಲೆ ಕಿರೀಟ ಹೋಗಿ ಅಶೋಕನ ಸಿಂಹಗಳು ಬಂದವು. ಬ್ರಿಟಿಷರದ್ದಾದರೆ ಕಿರೀಟದ ಆಕಾರವನ್ನೇ ನೋಡಬೇಕು. ಗುಮ್ಮಟದ ಹಾಗೆ ಗುಂಡಗಿದ್ದರೆ ರಾಜರ ಕಾಲದ್ದು. ಮೇಲ್ಗಡೆ ನಡುವೆ ತಗ್ಗಿದ್ದರೆ ಎಲಿಜಬೆತ್ ರಾಣಿ ಬಂದ ಮೇಲಿನದು. ಆದರೆ ನಮಗೆ ಸಿಗುವ ಟೋಪಿಗಳಲ್ಲಿ ಬ್ಯಾಜೇ ಇರುವುದಿಲ್ಲ. ಅದನ್ನು ಕಿತ್ತು ಬೇರೆ ಮಾರಿರುತ್ತಾರೆ. ಉಳಿಯೋದು ಎರಡು ತೂತು, ಸುತ್ತ ಬಣ್ಣ ಮಾಸದ ಒಂದು ನೆರಳು. ಗಲ್ಲದ ಪಟ್ಟಿಯ ಎರಡು ಕಡೆ ಇರುವ ಪುಟ್ಟ ಗುಂಡಿಗಳನ್ನು ಮಾತ್ರ ಕೀಳೋಕೆ ಸೋಮಾರಿತನ. ಆ ಗುಂಡಿಗಳೇ ನನ್ನಂಥವರಿಗೆ ದೇವರು. ಕೆಲವದರ ಹಿಂದೆ ಮಾಡಿದವರ ಹೆಸರೂ ಇರುತ್ತೆ.

ಇನ್ನು ಒಳಗಡೆ. ಸಿಪಾಯಿಗೆ ಟೋಪಿಯನ್ನು ಸರ್ಕಾರವೇ ಕೊಡುತ್ತಿತ್ತು. ಬ್ರಿಟಿಷರ ಕಾಲದ ಸರ್ಕಾರಿ ಸಾಮಾನಿನ ಮೇಲೆ ಬಾಣದ ಗುರುತು ಒತ್ತಿರುತ್ತಿತ್ತು. ಆಫೀಸರು ಹಾಗಲ್ಲ, ತನ್ನ ಟೋಪಿಯನ್ನು ತಾನೇ ಅಂಗಡಿಯಲ್ಲಿ ಹೊಲಿಸಿಕೊಳ್ಳುತ್ತಿದ್ದ. ಅದಕ್ಕೇ ಆಫೀಸರ್ ಟೋಪಿಯ ಒಳಗೆ ಅಂಗಡಿಯ ಲೇಬಲ್ಲು, ಊರಿನ ಹೆಸರು, ಸೈಜು, ಅದೃಷ್ಟವಿದ್ದರೆ ಅವನ ಕೈಬರಹದಲ್ಲಿ ಅವನ ಹೆಸರು ಇರುತ್ತೆ. ಮೆಸ್ಸಿನ ಬಾಗಿಲಲ್ಲಿ ಇಪ್ಪತ್ತು ಟೋಪಿ ಸಾಲಾಗಿ ನೇತುಹಾಕಿದ್ದರೆ ತನ್ನದು ಯಾವುದು ಅಂತ ಗೊತ್ತಾಗಬೇಕಲ್ಲ.

ತಂದ ಟೋಪಿಯನ್ನು ಕಪಾಟಿಗೆ ಇಡುವ ಮುಂಚೆ ನುಸಿ ಸಾಯಿಸಬೇಕು. ಉಣ್ಣೆ ಬಟ್ಟೆ ಅಂದರೆ ನುಸಿಗೆ ಹೋಳಿಗೆ ಊಟ. ನುಸಿಗುಳಿಗೆ ಹಾಕಬಹುದು, ಆದರೆ ಅದರ ವಾಸನೆ ಟೋಪಿಯನ್ನು ಬಿಟ್ಟು ಹೋಗುವುದಿಲ್ಲ. ಮ್ಯೂಸಿಯಮ್ಮಿನವರು ಮಾಡುವ ಹಾಗೆ ಪ್ಲಾಸ್ಟಿಕ್ ಕವರಿನಲ್ಲಿ ಗಾಳಿಯಾಡದಂತೆ ಕಟ್ಟಿ ಎರಡು ವಾರ ಫ್ರೀಜರಿನಲ್ಲಿಟ್ಟರೆ ಹುಳವೂ ಮೊಟ್ಟೆಯೂ ಸಾಯುತ್ತೆ. ಹೀಗಾಗಿ ನಮ್ಮ ಫ್ರೀಜರಿನಲ್ಲಿ ಅವರೆಕಾಳಿನ ಪಕ್ಕ ಒಬ್ಬ ಕ್ಯಾಪ್ಟನ್ನು ಮಲಗಿದ್ದೂ ಉಂಟು. ಅಮ್ಮನಿಗೆ ಇದಕ್ಕಿಂತ ದೊಡ್ಡ ಭಯ ಪೊಲೀಸರದ್ದು. ಟೋಪಿ ಇಟ್ಟುಕೊಂಡರೆ ಒಳಗೆ ಹಾಕ್ತಾರಂತೆ ಅಂತ ಯಾರೋ ಹೇಳಿದ್ದರು. ಕಾನೂನು ತೆಗೆದು ಓದಿಸಿದೆ. ಹಿಂದೆ ಐಪಿಸಿ 140, ಈಗ ಭಾರತೀಯ ನ್ಯಾಯ ಸಂಹಿತೆಯ 168ನೇ ಸೆಕ್ಷನ್. ಸೈನಿಕರಲ್ಲದವರು ಸೈನಿಕರೆಂದು ನಂಬಿಸುವ ಉದ್ದೇಶದಿಂದ ಅಂಥ ಉಡುಪು ತೊಟ್ಟರೆ ಅಪರಾಧ. "ನಿನ್ನ ನೋಡಿ ಸೈನಿಕಳು ಅಂತ ಯಾರೂ ನಂಬಲ್ಲ ಬಿಡು" ಅಂತ ಅಮ್ಮ ಸಮಾಧಾನ ಮಾಡಿಕೊಂಡಳು.

ಹುಡುಕಾಟದ ರುಚಿ ಹತ್ತಿಸಿದ್ದು ಆ ಮೊದಲನೇ ಟೋಪಿಯೇ. ಗುಂಡಿಯಲ್ಲಿ ಗುಂಡಗಿನ ಕಿರೀಟ, ಲಂಡನ್ನಿನ ಅಂಗಡಿಯ ಹೆಸರು, ಇಂಗ್ಲಿಷ್ ಸರ್‌ನೇಮು. ಬ್ರಿಟಿಷ್ ಆಫೀಸರುಗಳ ನೇಮಕ, ಬಡ್ತಿ ಎಲ್ಲ ಲಂಡನ್ ಗೆಜೆಟ್‌ನಲ್ಲಿ ಅಚ್ಚಾಗುತ್ತಿತ್ತು. ಅದೀಗ ಪೂರ್ತಿ ಆನ್‌ಲೈನಿನಲ್ಲಿದೆ, ಬಿಟ್ಟಿ. ಹಳೇ ಇಂಡಿಯನ್ ಆರ್ಮಿ ಲಿಸ್ಟುಗಳನ್ನೂ ಸ್ಕ್ಯಾನ್ ಮಾಡಿ ಹಾಕಿದ್ದಾರೆ. ಇನ್ನು ಎರಡು ಮಹಾಯುದ್ಧಗಳಲ್ಲಿ ಸತ್ತವರಾದರೆ ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್ನಿನ ಪಟ್ಟಿ ಇದೆ, ಸುಮಾರು 17 ಲಕ್ಷ ಜನರದ್ದು. ಒಂದೇ ರಾತ್ರಿ ಸಾಕಾಯಿತು. ಹುಡುಗ ಇಂಫಾಲ್‌ನಲ್ಲಿ ಮಲಗಿದ್ದಾನೆ. ಸತ್ತಾಗ ವಯಸ್ಸು 23. ಬರ್ಮಾದ ಕಾಡಿನ ಯುದ್ಧಕ್ಕೆ ಯಾರೂ ಪೀಕ್ ಕ್ಯಾಪ್ ಹೊತ್ತುಕೊಂಡು ಹೋಗಲ್ಲ. ಟ್ರಂಕಿನಲ್ಲಿ ಇಟ್ಟು, ಬಂದ ಮೇಲೆ ತಗೋತೀನಿ ಅಂತ ಹೋಗಿರಬೇಕು. ನನಗಾಗ 25.

ಆಫೀಸಿನಲ್ಲಿ ಯಾರಾದರೂ ಯಾಕೆ ಈ ಹುಚ್ಚು ಅಂತ ಕೇಳಿದರೆ ಇದೇ ಕಥೆ ಹೇಳುತ್ತಿದ್ದೆ. ಆದರೆ ನಿಜವಾದ ಕಾರಣ ನನ್ನ ತಾತ. ಅಮ್ಮನ ಅಪ್ಪ. ಹಾಸನದ ಕಡೆಯ ಹಳ್ಳಿಯಿಂದ ಬಂದು ಮದ್ರಾಸ್ ಸ್ಯಾಪರ್ಸ್‌ಗೆ ಸೇರಿದ್ದರು. ಅಲಸೂರು ಕೆರೆ ಹತ್ತಿರ ಎಂಇಜಿ ಸೆಂಟರ್ ಇದೆಯಲ್ಲ, ಅವರೇ. 1780ರಲ್ಲಿ ಹುಟ್ಟಿದ ಪಡೆ. ಸೇತುವೆ ಕಟ್ಟೋದು, ರಸ್ತೆ ಮಾಡೋದು, ನೆಲಬಾಂಬು ತೆಗೆಯೋದು ಅವರ ಕೆಲಸ. ದಕ್ಷಿಣದ ಹುಡುಗರೇ ಜಾಸ್ತಿ, ಅವರನ್ನು 'ತಂಬಿ' ಅಂತಲೇ ಕರೀತಾರೆ. ತಾತ ಆಫೀಸರ್ ಅಲ್ಲ, ಸ್ಯಾಪರ್. ಪಿಂಚಣಿ ಸಿಗುವಷ್ಟು ವರ್ಷ ಇರದೆ ಜಮೀನು ನೋಡಿಕೊಳ್ಳೋಕೆ ಊರಿಗೆ ವಾಪಸ್ ಬಂದರು. ನಾನು ಹುಟ್ಟುವ ಮುಂಚೆಯೇ ಹೋಗಿಬಿಟ್ಟರು. ಅವರದ್ದೊಂದು ಫೋಟೋ ಇದೆ, ಕಡುನೀಲಿ ಬೆರೆಟ್ಟು, ಒಂದು ಕಡೆ ವಾಲಿಸಿ ಹಾಕಿದ್ದು. ಫೋಟೋ ಕಪ್ಪು ಬಿಳುಪು. ಕಡುನೀಲಿ ಅಂತ ಹೇಳಿದ್ದು ಅಮ್ಮ.

ಆ ಟೋಪಿ ಎಲ್ಲಿ ಅಂತ ಚಿಕ್ಕಂದಿನಿಂದ ಕೇಳಿದ್ದೇನೆ. "ಎಲ್ಲೋ ಹೋಯ್ತು" ಅನ್ನೋದು ಅಮ್ಮನ ಉತ್ತರ. ತಾತನ ದಾಖಲೆ ಹುಡುಕೋಣ ಅಂದರೆ ಗೆಜೆಟ್ಟಿನಲ್ಲಿ ಸ್ಯಾಪರುಗಳ ಹೆಸರು ಬರಲ್ಲ. ರೆಕಾರ್ಡ್ ಆಫೀಸಿಗೆ ಬರೆಯೋಣ ಅಂದರೆ ಸರ್ವಿಸ್ ನಂಬರ್ ಬೇಕು. ಡಿಸ್ಚಾರ್ಜ್ ಬುಕ್ ಮನೆಯಲ್ಲಿಲ್ಲ. ಅಂದರೆ, ಇಂಗ್ಲೆಂಡಿನ ಯಾವುದೋ ಹಳ್ಳಿಯ ಹುಡುಗನನ್ನು ಒಂದು ರಾತ್ರಿಯಲ್ಲಿ ಹುಡುಕಿದ ನಾನು ನನ್ನ ತಾತ ಯಾವ ಇಸವಿಯಲ್ಲಿ ಸೇನೆಗೆ ಸೇರಿದರು ಅಂತ ಇವತ್ತಿಗೂ ಹೇಳಲಾರೆ.

ಈಗ ಒಂಬತ್ತನೇ ಟೋಪಿಯ ವಿಷಯಕ್ಕೆ ಬರ್ತೀನಿ. ಕಳೆದ ವರ್ಷ ಮೈಸೂರಿನ ಒಬ್ಬ ಗುಜರಿ ವ್ಯಾಪಾರಿ ಕೊಟ್ಟಿದ್ದು. ಸಿಂಹದ ಗುಂಡಿ, ಮದ್ರಾಸಿನ ಟೈಲರ್ ಲೇಬಲ್ಲು, ಚರ್ಮದ ಪಟ್ಟಿಯ ಮೇಲೆ ಒಂದು ಹೆಸರು, ಪಕ್ಕದಲ್ಲಿ 'ಇಸಿ' ಅಂತ ಶುರುವಾಗುವ ನಂಬರು. ಕೊನೆಯ ಎರಡು ಅಂಕಿ ಬೆವರಿನಲ್ಲಿ ಅಳಿಸಿಹೋಗಿತ್ತು. ಒಳಗಿನ ಲೈನಿಂಗ್ ಒಂದು ಕಡೆ ಹರಿದು, ಯಾರೋ ನೀಲಿ ದಾರದಲ್ಲಿ ಹೊಲಿದಿದ್ದರು. ನನ್ನ ಎಕ್ಸೆಲ್ ಶೀಟಿನಲ್ಲಿ ಹೀಗೆ ಬರೆದುಕೊಂಡೆ: "ಲೈನಿಂಗ್ ನಂತರದ ರಿಪೇರಿ. ಒರಟು ಕೈಹೊಲಿಗೆ, ದಾರದ ಬಣ್ಣ ತಪ್ಪು. ಬೆಲೆ ಕಡಿಮೆ."

ಇಸಿ ಅಂದರೆ ಎಮರ್ಜೆನ್ಸಿ ಕಮಿಷನ್. 1962ರಲ್ಲಿ ಚೀನಾ ಯುದ್ಧದ ಹೊಡೆತ ತಿಂದ ಮೇಲೆ ಸೇನೆಗೆ ತುರ್ತಾಗಿ ಆಫೀಸರುಗಳು ಬೇಕಾದರು. 1963ರಲ್ಲಿ ಮದ್ರಾಸ್ ಮತ್ತು ಪುಣೆಯಲ್ಲಿ ಆಫೀಸರ್ಸ್ ಟ್ರೈನಿಂಗ್ ಸ್ಕೂಲ್ ತೆರೆದರು. ಡಿಗ್ರಿ ಮುಗಿಸಿದ ಹುಡುಗರು, ಮೇಷ್ಟ್ರುಗಳು, ಗುಮಾಸ್ತರು ಅರ್ಜಿ ಹಾಕಿದರು. ಕೆಲವೇ ತಿಂಗಳ ತರಬೇತಿ, ಹೆಗಲಿಗೆ ನಕ್ಷತ್ರ, ಆಮೇಲೆ 1965ರ ಯುದ್ಧ. ಅದು ಮುಗಿದ ಮೇಲೆ ಇಷ್ಟು ಜನ ಬೇಡವಾದರು. ಕೆಲವರಿಗೆ ಕಾಯಂ ಕಮಿಷನ್ ಸಿಕ್ಕಿತು. ಬಹಳಷ್ಟು ಜನರನ್ನು ಆ ದಶಕ ಮುಗಿಯುವ ಹೊತ್ತಿಗೆ ಬಿಡುಗಡೆ ಮಾಡಿದರು. ಬಿಡುಗಡೆ ಅನ್ನೋದು ಕಾಗದದ ಮೇಲಿನ ಪದ. ಸ್ಟಾರ್ಟಪ್ಪಿನಲ್ಲಿ ಕೆಲಸ ಮಾಡಿದವರಿಗೆ ಅದರ ಅರ್ಥ ಬೇಗ ಆಗುತ್ತೆ.

ಹುಡುಕೋದು ಸುಲಭ ಇರಲಿಲ್ಲ. ಭಾರತದ ಗೆಜೆಟ್ಟಿನ ಮೊದಲ ಭಾಗದ ನಾಲ್ಕನೇ ಸೆಕ್ಷನ್ನಿನಲ್ಲಿ ಸೇನಾಧಿಕಾರಿಗಳ ನೇಮಕ, ಬಡ್ತಿ ಪ್ರಕಟವಾಗುತ್ತೆ. ಅರವತ್ತರ ದಶಕದ ಸಂಚಿಕೆಗಳ ಸ್ಕ್ಯಾನು ಮಸುಕು ಮಸುಕು, ಸರ್ಚ್ ಕೆಲಸ ಮಾಡಲ್ಲ. ಎರಡು ತಿಂಗಳು ರಾತ್ರಿ ಊಟ ಆದಮೇಲೆ ಒಂದೊಂದೇ ಪುಟ ಕಣ್ಣಲ್ಲೇ ಓದಿದೆ. ಸಿಕ್ಕಿತು. ಹೆಸರು, ದರ್ಜೆ, ತಾರೀಖು. ಆಮೇಲೆ ನಿವೃತ್ತ ಅಧಿಕಾರಿಯೊಬ್ಬರ ಮೂಲಕ ಅದೇ ಬ್ಯಾಚಿನ ಇನ್ನೊಬ್ಬ ತಾತನನ್ನು ಹಿಡಿದೆ. "ಅವನಾ? ಹೋಗಿ ಎರಡು ವರ್ಷ ಆಯ್ತಮ್ಮ. ಮೈಸೂರಲ್ಲೇ ಅವನ ಹೆಂಡತಿ, ಮಗಳು ಇದಾರೆ" ಅಂತ ಫೋನ್ ನಂಬರ್ ಕೊಟ್ಟರು. ಫೋನ್ ಮಾಡಿದೆ. ಮಗಳು ಎತ್ತಿದರು. ನಿಮ್ಮ ತಂದೆಯವರ ಒಂದು ವಸ್ತು ನನ್ನ ಹತ್ತಿರ ಇದೆ, ತಂದುಕೊಡ್ತೀನಿ ಅಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಬನ್ನಿ" ಅಂದರು. ಆ ಸುಮ್ಮನಿದ್ದದ್ದು ಯಾಕೆ ಅಂತ ನಾನು ಯೋಚಿಸಲೇ ಇಲ್ಲ.

ಒಂದು ವಿಷಯ ಒಪ್ಪಿಕೊಂಡುಬಿಡ್ತೀನಿ. ನಾನು ವಿಡಿಯೋ ಮಾಡಬೇಕು ಅಂದುಕೊಂಡಿದ್ದೆ. ಟೋಪಿ ಕೈಗೆ ಕೊಡೋದು, ಅಜ್ಜಿ ಅದನ್ನು ಕಣ್ಣಿಗೆ ಒತ್ತಿಕೊಳ್ಳೋದು, ಅಳೋದು. ಅಂಥ ವಿಡಿಯೋಗಳನ್ನು ನೀವೂ ನೋಡಿರ್ತೀರಿ. ರೈಲಿನಲ್ಲಿ ಕೂತು ಕ್ಯಾಪ್ಷನ್ ಕೂಡ ಬರೆದಿದ್ದೆ.

ಹಳೇ ಕಾಲದ ಮನೆ, ಮುಂದೆ ಪಾರಿಜಾತ. ಎಂಬತ್ತರ ಹತ್ತಿರದ ಹೆಂಗಸು, ಸಣ್ಣ ಜೀವ, ನೆಟ್ಟಗೆ ಕೂತಿದ್ದರು. "ಬಾಮ್ಮ, ಕೂತ್ಕೋ. ಬಸ್ಸೋ ರೈಲೋ?" ಅಂತ ವಿಚಾರಿಸಿದರು. ಕಾಫಿ ಬಂತು. ನಾನು ನಾಟಕೀಯವಾಗಿ ಡಬ್ಬಿಯಿಂದ ಟೋಪಿ ತೆಗೆದು ಮೇಜಿನ ಮೇಲಿಟ್ಟೆ. ಫೋನು ಇನ್ನೊಂದು ಕೈಯಲ್ಲಿ ಸಿದ್ಧವಾಗಿತ್ತು.

ಅವರು ಟೋಪಿಯನ್ನು ನೋಡಿದರು. ಆಮೇಲೆ ನನ್ನನ್ನು ನೋಡಿದರು.

"ಇದು ಕಳೆದುಹೋಗಿದ್ದಲ್ಲಮ್ಮ. ನಾನೇ ಕೊಟ್ಟಿದ್ದು."

ನಾನು ಫೋನನ್ನು ಕೆಳಗಿಟ್ಟೆ.

"ಅವರು ಹೋದ ಮೇಲೆ ಬೀರು ಖಾಲಿ ಮಾಡಿದ್ವಿ. ಬಟ್ಟೆ ಜೊತೆ ಇದನ್ನೂ ಹಾಕ್ದೆ. ಇವಳು ಬೇಡ ಅಂದ್ಲು. ನಾನೇ ಹಾಕ್ದೆ." ಬಾಗಿಲ ಹತ್ತಿರ ನಿಂತಿದ್ದ ಮಗಳು ಏನೂ ಹೇಳಲಿಲ್ಲ. "ಅವರು ಅಲ್ಲಿದ್ದಿದ್ದು ಐದು ವರ್ಷ. ನನ್ ಜೊತೆ ಇದ್ದಿದ್ದು ಐವತ್ತೊಂದು ವರ್ಷ. ಬ್ಯಾಂಕಲ್ಲಿ ಮೂವತ್ತು ವರ್ಷ ಕೆಲಸ ಮಾಡಿದ್ರು, ಒಂದು ದಿನ ಅದರ ಸುದ್ದಿ ಆಡ್ಲಿಲ್ಲ. ಮನೆಗೆ ಯಾರೇ ಬರ್ಲಿ, ಆ ಐದು ವರ್ಷದ್ದೇ ಕಥೆ. ಜನವರಿ 15 ಬಂದ್ರೆ ಇದನ್ನ ತೆಗೆದು, ಬ್ರಷ್ ಹಾಕಿ, ತಲೆಗಿಟ್ಕೊಂಡು ಗೇಟ್ ತನಕ ಹೋಗಿ ಪೇಪರ್ ತಗೊಂಡು ಬರೋರು. ಆವತ್ತು ಇಡೀ ದಿನ ಮಾತಿಲ್ಲ. ಬೇಡ ಅಂತ ಕಳಿಸಿದ್ರಲ್ಲ ಅವರನ್ನ, ಅದು ಅವರಿಗೆ ಕೊನೇ ತನಕ ಮರೀಲಿಲ್ಲ. ನಾನು, ಮಗಳು, ಈ ಮನೆ, ಇದೆಲ್ಲ ಅದಾದ್ಮೇಲೆ ಸಿಕ್ಕಿದ್ದು. ಎರಡನೇದು."

ಇದನ್ನೆಲ್ಲ ಅವರು ಕೋಪದಲ್ಲಿ ಹೇಳಲಿಲ್ಲ. ತರಕಾರಿ ಲೆಕ್ಕ ಹೇಳುವ ಹಾಗೆ ಹೇಳಿದರು. ನನಗೆ ಏನು ಹೇಳಬೇಕೋ ತೋಚಲಿಲ್ಲ. "ಸಾರಿ ಅಮ್ಮ, ನಾನು ಕೇಳಿಕೊಂಡು ಬರಬೇಕಿತ್ತು" ಅಂದೆ. ಟೋಪಿಯನ್ನು ವಾಪಸ್ ಡಬ್ಬಿಗೆ ಹಾಕೋಕೆ ಕೈ ಚಾಚಿದೆ. ಅಷ್ಟರಲ್ಲಿ ಅವರೇ ಅದನ್ನು ಎತ್ತಿಕೊಂಡರು. ತಲೆಕೆಳಗು ಮಾಡಿದರು. ಹೆಸರಿನ ಕಡೆ ನೋಡಲೇ ಇಲ್ಲ. ಬೆರಳು ಸೀದಾ ಲೈನಿಂಗಿನ ಮೇಲೆ ಹೋಯಿತು.

"ಈ ಹೊಲಿಗೆ ನಂದು."

ಮಗಳು ಹತ್ತಿರ ಬಂದರು.

"ಒಂದ್ಸಲ ಹರಿದಿತ್ತು. ಮನೇಲಿ ಖಾಕಿ ದಾರ ಇರ್ಲಿಲ್ಲ. ಇವಳ ಸ್ಕೂಲ್ ಯೂನಿಫಾರ್ಮ್‌ದು ನೀಲಿ ದಾರ ಇತ್ತು. ಒಳಗಡೆ ತಾನೇ, ಯಾರಿಗ್ ಕಾಣತ್ತೆ ಅಂತ ಹಾಕ್ದೆ. ಎರಡು ದಿನ ಮಾತಾಡ್ಲಿಲ್ಲ ಮಹಾರಾಯ್ರು!" ಅಂತ ನಕ್ಕರು. ಮಗಳೂ ನಕ್ಕರು. "ಆದ್ರೆ ಬಿಚ್ಚಿಸ್ಲಿಲ್ಲ ನೋಡು. ಬೇಕಿದ್ರೆ ಟೈಲರ್ ಹತ್ರ ಕೊಡಬಹುದಿತ್ತು. ಹಂಗೇ ಇಟ್ಕೊಂಡಿದಾರೆ." ಇದನ್ನು ಹೇಳಿ ಸ್ವಲ್ಪ ಹೊತ್ತು ಸುಮ್ಮನಾದರು. ಆ ದಾರವನ್ನು ಉಗುರಿನಿಂದ ಎರಡು ಸಲ ಎಳೆದು ನೋಡಿದರು. ಗಟ್ಟಿಯಾಗಿತ್ತು.

ಟೋಪಿಯನ್ನು ಅವರು ಇಟ್ಟುಕೊಳ್ಳಲಿಲ್ಲ. "ನೀನೇ ಇಟ್ಕೋ. ಚೆನ್ನಾಗಿ ನೋಡ್ಕೋತೀಯ ಅನ್ಸತ್ತೆ. ಅವರ ಹೆಸ್ರು ಮಾತ್ರ ಎಲ್ಲೂ ಹಾಕ್ಬೇಡ" ಅಂದರು. ಅದಕ್ಕೇ ಇಲ್ಲಿ ಹೆಸರಿಲ್ಲ. ಗೇಟಿನ ತನಕ ಬಂದ ಮಗಳು ಮೆಲ್ಲಗೆ ಕೇಳಿದರು, "ಆ ಹೊಲಿಗೆದೊಂದು ಫೋಟೋ ಕಳಿಸ್ತೀರಾ? ಟೋಪಿದು ಬೇಡ, ಹೊಲಿಗೆದು ಮಾತ್ರ. ಅಮ್ಮಂಗೆ ಹೇಳ್ಬೇಡಿ." ಅಲ್ಲೇ, ಪಾರಿಜಾತದ ಕೆಳಗೆ ನಿಂತು ತೆಗೆದುಕೊಟ್ಟೆ. ಆ ದಿನ ನನ್ನ ಫೋನಿನಲ್ಲಿ ತೆಗೆದದ್ದು ಅದೊಂದೇ ಫೋಟೋ.

ವಾಪಸ್ ಬರುವಾಗ ರೈಲಿನಲ್ಲಿ ನನಗೆ ಬಸ್ರಾ ಸ್ಮಾರಕದ ನೆನಪಾಯಿತು. ಯುದ್ಧದಲ್ಲಿ ಸತ್ತವರ ಪಟ್ಟಿ ಹುಡುಕುವಾಗ ಓದಿದ್ದು. ಮೊದಲ ಮಹಾಯುದ್ಧದಲ್ಲಿ ಈಗಿನ ಇರಾಕಿನಲ್ಲಿ ಸತ್ತು, ಸಮಾಧಿಯೂ ಸಿಗದ ನಲವತ್ತು ಸಾವಿರಕ್ಕೂ ಹೆಚ್ಚು ಜನರಿಗೆ 1929ರಲ್ಲಿ ಕಟ್ಟಿದ ಸ್ಮಾರಕ ಅದು. ಬ್ರಿಟಿಷರ ಹೆಸರುಗಳನ್ನು ಕಲ್ಲಿನಲ್ಲಿ ಕೆತ್ತಿದ್ದಾರೆ. ಭಾರತೀಯ ಆಫೀಸರುಗಳ ಹೆಸರೂ ಇದೆ. ಭಾರತೀಯ ಸಿಪಾಯಿಗಳದ್ದು ಮಾತ್ರ ಹೆಸರಿಲ್ಲ, ಯಾವ ರೆಜಿಮೆಂಟಿನವರು ಎಷ್ಟು ಜನ ಅಂತ ಬರೀ ಸಂಖ್ಯೆ. ಸತ್ತವರನ್ನೆಲ್ಲ ಸಮಾನವಾಗಿ ನೆನೆಯಲಿಲ್ಲ ಅಂತ 2021ರಲ್ಲಿ ವಾರ್ ಗ್ರೇವ್ಸ್ ಕಮಿಷನ್ನೇ ವರದಿ ಕೊಟ್ಟು ಕ್ಷಮೆ ಕೇಳಿತು. ಅದನ್ನು ಓದಿದಾಗ ನನಗೆ ತಾತನ ಪರವಾಗಿ ಸಿಟ್ಟು ಬಂದಿತ್ತು. ಈಗ ನೋಡಿದರೆ ನಾನು ಮಾಡಿದ್ದೂ ಅದೇ. ಶಾಯಿಯಲ್ಲಿ ಬರೆದ ಹೆಸರಿಗಾಗಿ ಎರಡು ತಿಂಗಳು ಗೆಜೆಟ್ ಓದಿದೆ. ದಾರದಲ್ಲಿದ್ದವರನ್ನು "ಬೆಲೆ ಕಡಿಮೆ" ಅಂತ ಬರೆದೆ.

ಈಗಲೂ ಹುಡುಕುತ್ತೇನೆ, ಬಿಟ್ಟಿಲ್ಲ. ಆದರೆ ಮನೆಯವರು ಸಿಕ್ಕರೆ ಮೊದಲು ಒಂದು ಕಾಗದ ಬರೆಯುತ್ತೇನೆ. ಇಂಥ ವಸ್ತು ನನ್ನ ಹತ್ತಿರ ಇದೆ, ನಿಮಗೆ ಬೇಕಾದರೆ ಮಾತ್ರ ಉತ್ತರ ಬರೆಯಿರಿ, ಬೇಡವಾದರೆ ಸುಮ್ಮನಿರಿ, ಮತ್ತೆ ತೊಂದರೆ ಕೊಡುವುದಿಲ್ಲ ಅಂತ. ಇಬ್ಬರು ಉತ್ತರ ಬರೆದಿಲ್ಲ. ಶೀಟಿನಲ್ಲಿ ಒಂಬತ್ತನೇ ಸಾಲನ್ನೂ ತಿದ್ದಿದೆ. ಬೆಲೆಯ ಕಾಲಮ್ಮನ್ನು ಖಾಲಿ ಬಿಟ್ಟಿದ್ದೇನೆ.

ಮನೆಗೆ ಬಂದ ರಾತ್ರಿ ಅಮ್ಮನಿಗೆ ಎಲ್ಲ ಹೇಳಿದೆ. ನೀಲಿ ದಾರದ ತನಕ ಕೇಳಿಸಿಕೊಂಡವಳು ಎದ್ದು ಅಡುಗೆಮನೆಗೆ ಹೋದಳು. ಹುರಿಗಡಲೆ ತುಂಬಿಡುವ ಸ್ಟೀಲ್ ಡಬ್ಬ ತಂದು ನನ್ನ ಮುಂದೆ ಇಟ್ಟಳು. ಮುಚ್ಚಳ ಸ್ವಲ್ಪ ತಗ್ಗಿದ, ನಾನು ಹುಟ್ಟಿದಾಗಿನಿಂದ ನೋಡಿರುವ ಡಬ್ಬ.

"ತಾತನ ಟೋಪಿ ಎಲ್ಲಿ ಎಲ್ಲಿ ಅಂತಿದ್ಯಲ್ಲ. ತಗೋ."

ನಾನು ಅರ್ಥವಾಗದೆ ನೋಡಿದೆ.

"ಅಪ್ಪ ಹೋದ ವರ್ಷ. ಹಳೇ ಬಟ್ಟೆಗೆ ಪಾತ್ರೆ ಕೊಡೋಳು ಬಂದಿದ್ಲು. ಎರಡು ಪ್ಯಾಂಟು, ಒಂದು ಕೋಟು ಕೊಟ್ರೂ ಈ ಡಬ್ಬಕ್ಕೆ ಸಾಲಲ್ಲ ಅಂದ್ಲು. ನಿಮ್ಮಜ್ಜಿ ಒಳಗೆ ಹೋಗಿ ಆ ನೀಲಿ ಟೋಪಿ ತಂದು ಮೇಲೆ ಹಾಕಿದ್ಲು. ನಾನು ಅಲ್ಲೇ ನಿಂತಿದ್ದೆ, ಬೇಡ ಅನ್ಲಿಲ್ಲ. ನೀನಾಗ ಹೊಟ್ಟೇಲಿದ್ದೆ. ಮನೇಲಿ ಡಬ್ಬ ಬೇಕಿತ್ತು ಕಣೆ."

ಇಷ್ಟು ವರ್ಷ ಯಾಕೆ ಹೇಳಲಿಲ್ಲ ಅಂತ ಕೇಳಿದೆ. "ನೀನು ಟೋಪಿ ಟೋಪಿ ಅಂತ ಊರು ತಿರುಗ್ತಿದ್ಯಲ್ಲ, ಹೆಂಗ್ ಹೇಳ್ಲಿ?" ಅಂದಳು.

ನಾನು ಲ್ಯಾಪ್‌ಟಾಪ್ ತೆಗೆದು ಶೀಟಿನಲ್ಲಿ ಹನ್ನೆರಡನೇ ಸಾಲು ಸೇರಿಸಿದೆ. ಹೆಸರು: ತಾತನದು. ದರ್ಜೆ: ಸ್ಯಾಪರ್. ನಂಬರ್: ಗೊತ್ತಿಲ್ಲ. ಕೊಟ್ಟವರು: ಅಜ್ಜಿ. ಈಗ ಎಲ್ಲಿದೆ ಅನ್ನುವ ಕಾಲಮ್ಮಿನಲ್ಲಿ ಏನು ಬರೆಯೋದು ಅಂತ ಯೋಚಿಸುತ್ತಾ ಡಬ್ಬವನ್ನು ಕೈಯಲ್ಲಿ ತಿರುಗಿಸುತ್ತಿದ್ದೆ.

"ನೋಡು, ಅದನ್ನೂ ಫ್ರೀಜರ್‌ಗೆ ಹಾಕ್ಬೇಡ" ಅಂದಳು ಅಮ್ಮ. "ಬೆಳಿಗ್ಗೆ ಚಟ್ನಿಗೆ ಬೇಕು."